ಕರೆಸಿದ್ದು ಒಂದು ಪ್ರಶ್ನೆಗೆ, ಕೇಳಿದ್ದು ಇನ್ನೊಂದು

ಪ್ರಶ್ನೆ: ಮೇಡಂ, ನಾನು ಪತ್ತೇದಾರಿ ಕಾದಂಬರಿ ಬಿಟ್ಟರೆ ಬೇರೇನೂ ಜಾಸ್ತಿ ಓದಿದವಳಲ್ಲ. ಗ್ರೀಕರ ‘ಈಡಿಪಸ್ ದೊರೆ’ ನಾಟಕವನ್ನು ಒಂದು ಕೊಲೆ ಕೇಸಿನ ಹಾಗೆ ಓದಿ ನೋಡಿ ಎಂದು ನೀವು ಇದೇ ಅಂಕಣದಲ್ಲಿ ಬರೆದಿದ್ದಿರಿ. ಓದಿದೆ. ನಿರಾಸೆಯಾಯಿತು. ಕೊಲೆಗಾರ ಯಾರೆಂದು ಎಲ್ಲರಿಗೂ ಮೊದಲೇ ಗೊತ್ತು. ಗೊತ್ತಿಲ್ಲದವರಿಗೂ ಆ ಕುರುಡ ಕಣಿ ಹೇಳುವವನು ಕಾಲು ಭಾಗ ಮುಗಿಯುವುದರೊಳಗೆ ಹೆಸರು ಹೇಳಿಬಿಡುತ್ತಾನೆ. ಇನ್ನು ಪತ್ತೆ ಹಚ್ಚುವುದಕ್ಕೆ ಉಳಿದದ್ದೇನು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಹೇಳಿದ್ದೆಲ್ಲ ನಿಜ. ಅಥೆನ್ಸ್‌ನ ಬಯಲು ರಂಗಮಂದಿರದಲ್ಲಿ ಕೂತು ಈ ನಾಟಕವನ್ನು ಮೊದಲು ನೋಡಿದ ಜನಕ್ಕೂ ಕಥೆ ಗೊತ್ತಿತ್ತು. ಅದಕ್ಕೂ ಎಷ್ಟೋ ಹಿಂದಿನ ಗ್ರೀಕ್ ಮಹಾಕಾವ್ಯ ‘ಒಡಿಸ್ಸಿ’ಯ 11ನೇ ಭಾಗದಲ್ಲೇ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದ ಈಡಿಪಸ್‌ನ ಪ್ರಸ್ತಾಪ ಬರುತ್ತದೆ. ಹಾಗಾಗಿ ನಾಟಕ ಬರೆದ ಸೋಫೋಕ್ಲಿಸ್ ಕೊಲೆಗಾರನ ಹೆಸರನ್ನು ಬಚ್ಚಿಡಲು ಹೋಗಲೇ ಇಲ್ಲ. ಅವನು ನಮ್ಮ ಮುಂದೆ ಇಡುವುದು ತನಿಖೆಯನ್ನು. ಒಬ್ಬ ಮನುಷ್ಯ ಒಂದು ಹೇಳಿಕೆಯಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತಾನೆ, ಯಾವ ಮಾತನ್ನು ಹಿಡಿಯುತ್ತಾನೆ, ಯಾವುದು ಕಿವಿಗೆ ಬಿದ್ದರೂ ಬಿಟ್ಟುಬಿಡುತ್ತಾನೆ. ನೋಡಬೇಕಾದದ್ದು ಅದು.

ನಾನು ಮೂವತ್ತು ವರ್ಷ ಕ್ರಿಮಿನಲ್ ಕೇಸು ನಡೆಸಿದವಳು. ಕಾಲೇಜಿನಲ್ಲಿ ಈ ನಾಟಕ ಓದಿದಾಗ ವಿಧಿ, ಶಾಪ, ಕಣ್ಣು ಕಿತ್ತುಕೊಳ್ಳುವುದು ಇಷ್ಟೇ ನೆನಪಿನಲ್ಲಿ ಉಳಿದಿತ್ತು. ವಕೀಲಿಕೆಗೆ ಇಳಿದು ಹತ್ತು ವರ್ಷವಾದ ಮೇಲೆ ಮತ್ತೆ ಕೈಗೆತ್ತಿಕೊಂಡೆ. ಹತ್ತು ಪುಟ ಓದುವಷ್ಟರಲ್ಲಿ ಎದ್ದು ಹೋಗಿ ಪೆನ್ಸಿಲ್ ತಂದೆ. ನೋಟ್‌ಬುಕ್ಕಿನಲ್ಲಿ ಮೂರು ಗೆರೆ ಎಳೆದೆ. ಯಾರು ಹೇಳಿದ್ದು, ಏನು ಹೇಳಿದ್ದು, ಕಣ್ಣಾರೆ ಕಂಡು ಹೇಳಿದ್ದೋ ಇನ್ನೊಬ್ಬರಿಂದ ಕೇಳಿ ಹೇಳಿದ್ದೋ. ನೀವೂ ಹಾಗೆ ಮಾಡಿ ನೋಡಿ. ನಾಟಕ ಬೇರೆಯೇ ಆಗಿ ಕಾಣುತ್ತದೆ.

ಓದದವರಿಗಾಗಿ ಕೇಸು ಇಷ್ಟು. ಥೀಬ್ಸ್ ಊರಿಗೆ ಮಹಾಮಾರಿ ಬಂದಿದೆ. ಪರಿಹಾರ ಕೇಳಿಕೊಂಡು ಬರಲು ದೊರೆ ಈಡಿಪಸ್ ತನ್ನ ಹೆಂಡತಿ ಯೊಕಾಸ್ಟಳ ತಮ್ಮ ಕ್ರೆಯಾನ್‌ನನ್ನು ಡೆಲ್ಫಿಯ ಅಪೊಲೊ ಗುಡಿಗೆ ಕಳಿಸಿದ್ದಾನೆ. ಅವನು ತಂದ ಉತ್ತರ: ಹಿಂದಿನ ದೊರೆ ಲಾಯಸ್‌ನನ್ನು ಕೊಂದವನು ಇದೇ ನೆಲದಲ್ಲಿದ್ದಾನೆ, ಅವನನ್ನು ಹುಡುಕಿ ಹೊರಗೆ ಹಾಕಿ. ಹಳೇ ಕೊಲೆ. ಹೆಣವಿಲ್ಲ, ಆಯುಧವಿಲ್ಲ. ತಪ್ಪಿಸಿಕೊಂಡು ಬಂದವನು ಒಬ್ಬನೇ, ಅವನೂ ಈಗ ಊರಲ್ಲಿಲ್ಲ. ಆಗಲೇ ಯಾಕೆ ತನಿಖೆ ಮಾಡಲಿಲ್ಲ ಎಂದು ಈಡಿಪಸ್ ಕೇಳುತ್ತಾನೆ. ಸ್ಫಿಂಕ್ಸ್ ಎಂಬ ರಾಕ್ಷಸಿ ಒಗಟು ಹಾಕಿ ಊರನ್ನು ಕಾಡುತ್ತಿತ್ತು, ಕಾಲ ಬುಡದ ಕಷ್ಟವೇ ದೊಡ್ಡದಾಗಿತ್ತು, ಕಾಣದ ಸಂಗತಿಯನ್ನು ಬಿಟ್ಟೆವು ಎನ್ನುತ್ತಾನೆ ಕ್ರೆಯಾನ್. ಆ ಒಗಟು ಬಿಡಿಸಿ ಊರು ಉಳಿಸಿ ದೊರೆಯಾದವನೇ ಈಡಿಪಸ್. ಬುದ್ಧಿಯಿಂದ ಗೆದ್ದವನು ಈಗ ಇನ್ನೊಂದು ಒಗಟಿಗೆ ಕೈ ಹಾಕುತ್ತಿದ್ದಾನೆ.

ಮೊದಲ ಹೇಳಿಕೆಯನ್ನೇ ಗಮನವಿಟ್ಟು ನೋಡಿ. ತಪ್ಪಿಸಿಕೊಂಡು ಬಂದ ಆಳು ಹೇಳಿದ್ದೆಂದು ಕ್ರೆಯಾನ್ ಹೇಳುತ್ತಾನೆ: ಕಳ್ಳರು ಎದುರಾದರು, ಕೊಂದದ್ದು ಒಂದು ಕೈಯಲ್ಲ, ಬಹಳ ಕೈಗಳು. ಬಹುವಚನ ಸ್ಪಷ್ಟವಾಗಿದೆ. ಮರುಕ್ಷಣ ಈಡಿಪಸ್ ಕೇಳುತ್ತಾನೆ: ಇಲ್ಲಿಂದ ಯಾರೋ ದುಡ್ಡು ಕೊಡದೆ ಆ ಕಳ್ಳ ಅಷ್ಟು ಧೈರ್ಯ ಮಾಡುತ್ತಿದ್ದನೇ? ‘ಆ ಕಳ್ಳ.’ ಕಳ್ಳರು ಎಂದು ಕೇಳಿಸಿಕೊಂಡು ಕಳ್ಳ ಎಂದು ತಿರುಗಿ ಹೇಳುತ್ತಾನೆ. ಗ್ರೀಕ್ ಮೂಲದಲ್ಲೂ ಅಲ್ಲಿ ಏಕವಚನವೇ ಇದೆ. ಈ ಜಾಗದಲ್ಲಿ ನಾನು ಪುಟದ ಅಂಚಿನಲ್ಲಿ ಗೆರೆ ಹಾಕಿದ್ದೆ, ಆ ಗೆರೆ ಈಗಲೂ ಇದೆ. ಸ್ವಲ್ಪ ಹೊತ್ತಿಗೆ ಮೇಳದವರು, ಅಂದರೆ ಊರಿನ ಹಿರಿಯರು, ಮೂರನೇ ಮಾತು ಹೇಳುತ್ತಾರೆ: ದಾರಿಹೋಕರು ಕೊಂದರೆಂದು ಸುದ್ದಿ ಇತ್ತು. ಕಳ್ಳರಿಗೂ ದಾರಿಹೋಕರಿಗೂ ವ್ಯತ್ಯಾಸ ಇದೆ ಅಲ್ವಾ? ಈಡಿಪಸ್ “ನಾನೂ ಕೇಳಿದ್ದೇನೆ” ಎಂದು ಮುಂದೆ ಹೋಗಿಬಿಡುತ್ತಾನೆ.

ಇನ್ನು ಆ ಕುರುಡ ಕಣಿಯವನು, ಟೈರೀಸಿಯಸ್. ನಿಮ್ಮ ದೂರು ಇರುವುದೇ ಅವನ ಮೇಲೆ. ಅವನು ಹೆಸರು ಹೇಳುತ್ತಾನೆ, ಸರಿ. ಆದರೆ ಹೇಗೆ ಹೇಳುತ್ತಾನೆ? ಮೊದಲು ಬಾಯಿ ಬಿಡುವುದಿಲ್ಲ. ಮನೆಗೆ ಹೋಗಲು ಬಿಡು ಎಂದು ಅಂಗಲಾಚುತ್ತಾನೆ. ಈಡಿಪಸ್ ರೇಗಿ, ಈ ಕೊಲೆಯಲ್ಲಿ ನಿನ್ನ ಕೈಯೂ ಇದೆ ಎಂದು ಬೈದ ಮೇಲೆ ಅವನು ಸಿಟ್ಟಿನಲ್ಲಿ “ನೀನು ಹುಡುಕುತ್ತಿರುವ ಕೊಲೆಗಾರ ನೀನೇ” ಎನ್ನುತ್ತಾನೆ. ಜಗಳದ ನಡುವೆ ಬಂದ ಮಾತು. ನೋಡಿದೆ ಎನ್ನುವುದಿಲ್ಲ, ಕೇಳಿದೆ ಎನ್ನುವುದಿಲ್ಲ. ನನ್ನ ನೋಟ್‌ಬುಕ್ಕಿನ ಮೂರನೇ ಸಾಲಿನಲ್ಲಿ ಅವನ ಹೆಸರಿನ ಎದುರು ಬರೆಯುವುದಕ್ಕೆ ಏನೂ ಇರಲಿಲ್ಲ. ಅದು ಸತ್ಯವೇ ಆಗಿರಬಹುದು, ಸಾಕ್ಷ್ಯವಲ್ಲ. ಈಡಿಪಸ್ ಅದನ್ನು ತಳ್ಳಿಹಾಕಿದ್ದಕ್ಕೆ ಬಹಳ ಜನ ಅವನಿಗೆ ಅಹಂಕಾರಿ ಎನ್ನುತ್ತಾರೆ. ನಾನು ಹಾಗನ್ನಲಾರೆ. ಆಮೇಲೆ ಕ್ರೆಯಾನ್‌ನನ್ನು ನಿಲ್ಲಿಸಿಕೊಂಡು ಅವನು ಕೇಳುವ ಪ್ರಶ್ನೆಗಳು ಒಳ್ಳೆಯ ಪಾಟೀಸವಾಲಿನ ಹಾಗಿವೆ. ಲಾಯಸ್ ಸತ್ತು ಎಷ್ಟು ಕಾಲವಾಯಿತು? ಆಗಲೂ ಈ ಕಣಿಯವನು ಇದೇ ಕೆಲಸದಲ್ಲಿದ್ದನೇ? ಆಗ ನನ್ನ ಹೆಸರು ಎತ್ತಿದ್ದನೇ? ಇಲ್ಲ ತಾನೇ, ಇಷ್ಟು ಬಲ್ಲವನು ಅವತ್ತು ಯಾಕೆ ಸುಮ್ಮನಿದ್ದ? ಕ್ರೆಯಾನ್ ಬಳಿ ಉತ್ತರವಿಲ್ಲ. ಗೊತ್ತಿಲ್ಲದ್ದರ ಬಗ್ಗೆ ನಾನು ಮಾತಾಡುವುದಿಲ್ಲ ಎಂದುಬಿಡುತ್ತಾನೆ. ಹಾಗೆಂದು ಕ್ರೆಯಾನ್ ತನ್ನ ಪರವಾಗಿ ಹೇಳುವ ಮಾತೂ ಗಟ್ಟಿಯಾಗಿದೆ: ಪಟ್ಟದ ಭಯವಿಲ್ಲದೆ ಪಟ್ಟದ ಸುಖವೆಲ್ಲ ನನಗೆ ಸಿಗುತ್ತಿರುವಾಗ ನಾನ್ಯಾಕೆ ಪಟ್ಟಕ್ಕೆ ಆಸೆಪಡಲಿ? ಅನುಮಾನವಿದ್ದರೆ ಡೆಲ್ಫಿಗೆ ಹೋಗಿ ವಿಚಾರಿಸು. ಇಬ್ಬರೂ ಅವರವರ ಮಟ್ಟಿಗೆ ನ್ಯಾಯವಾಗಿ ವಾದಿಸುತ್ತಾರೆ, ಇಬ್ಬರಿಗೂ ದಾರಿ ಸಿಗುವುದಿಲ್ಲ.

ಕೇಸು ನಿಜವಾಗಿ ತಿರುಗುವುದು ಯೊಕಾಸ್ಟ ಬಾಯಿ ಬಿಟ್ಟಾಗ. ಆ ಒಂದು ಮಾತನ್ನು ದಯವಿಟ್ಟು ನಿಧಾನವಾಗಿ ಓದಿ. ಅವಳು ಗಂಡನಿಗೆ ಸಮಾಧಾನ ಹೇಳಲು ಬಂದಿದ್ದಾಳೆ. ಕಣಿಗಳನ್ನೆಲ್ಲ ನಂಬಬೇಡ, ನನ್ನ ಮೊದಲ ಗಂಡ ಲಾಯಸ್‌ಗೂ ಮಗನ ಕೈಯಲ್ಲೇ ಸಾವು ಎಂದು ಕಣಿ ಬಂದಿತ್ತು ಎನ್ನುತ್ತಾಳೆ. ಆಮೇಲೆ ಏನಾಯಿತು? ಅವನನ್ನು ಮೂರು ದಾರಿ ಕೂಡುವಲ್ಲಿ ಪರ ಊರಿನ ಕಳ್ಳರು ಕೊಂದರು. ಮಗುವನ್ನೋ, ಹುಟ್ಟಿ ಮೂರು ದಿನವೂ ಆಗುವ ಮೊದಲು ಕಾಲಿನ ಹರಡು ಬಿಗಿದು ಯಾರೂ ಹೋಗದ ಬೆಟ್ಟಕ್ಕೆ ಎಸೆಸಲಾಯಿತು.

ಒಂದೇ ಉಸಿರಿನಲ್ಲಿ ಎರಡು ಸುಳಿವು. ಮೂರು ದಾರಿ, ಬಿಗಿದ ಹರಡು. ಮೊದಲನೆಯದನ್ನು ಕೇಳಿದ ಕೂಡಲೇ ಈಡಿಪಸ್ ಬೆಚ್ಚುತ್ತಾನೆ, ಯಾಕೆಂದರೆ ಮೂರು ದಾರಿ ಕೂಡುವಲ್ಲಿ ತಾನೊಬ್ಬ ಮುದುಕನನ್ನು ಕೊಂದದ್ದು ಅವನಿಗೆ ನೆನಪಿದೆ. ಆ ಗಾಬರಿಯಲ್ಲಿ ಎರಡನೆಯದು ಜಾರಿಹೋಗುತ್ತದೆ. ಅವನ ಹರಡಿನಲ್ಲಿ ಹುಟ್ಟಿದಾಗಿನಿಂದ ಗಾಯದ ಗುರುತಿದೆ. ಅವನ ಹೆಸರಿಗೇ ಬಾತ ಕಾಲು ಎಂದು ಅರ್ಥ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ ಎನ್ನುತ್ತಾರಲ್ಲ, ಇಲ್ಲಿ ಅದು ಅಕ್ಷರಕ್ಷರ ನಿಜ. ನಮ್ಮ ಗಮನವೂ ಅವನ ಜತೆಗೇ ಮೂರು ದಾರಿಯ ಕಡೆಗೆ ಓಡುತ್ತದೆ. ದೊಡ್ಡ ಸುಳಿವನ್ನು ಅದಕ್ಕಿಂತ ಜೋರಾಗಿ ಸದ್ದು ಮಾಡುವ ಸುಳಿವಿನ ಪಕ್ಕದಲ್ಲಿ ಇಟ್ಟು ಮರೆಮಾಡುವುದು ನೀವು ಓದುವ ಪತ್ತೇದಾರಿ ಕಾದಂಬರಿಗಳಲ್ಲಿ ಎಷ್ಟು ಸಲ ಬಂದಿಲ್ಲ? ಆ ಬಗೆಯ ಕಥೆ 1841ರಲ್ಲಿ ಎಡ್ಗರ್ ಅಲನ್ ಪೋ ಬರೆದ ಒಂದು ಕಥೆಯಿಂದ ಶುರುವಾಯಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಈ ನಾಟಕ ಅದಕ್ಕಿಂತ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯದು.

ಅಲ್ಲಿಂದ ಈಡಿಪಸ್ ಕೇಳುವ ಪ್ರಶ್ನೆಗಳ ಕ್ರಮ ನೋಡಿ, ಒಬ್ಬ ವಕೀಲಳಾಗಿ ನನಗೆ ಅವನ ಮೇಲೆ ಗೌರವ ಬರುವುದು ಇಲ್ಲಿ. ಎಲ್ಲಿ? ಫೋಕಿಸ್ ಸೀಮೆ, ಡೆಲ್ಫಿಯಿಂದಲೂ ಡೌಲಿಸ್‌ನಿಂದಲೂ ಬರುವ ದಾರಿ ಕೂಡುವಲ್ಲಿ. ಯಾವಾಗ? ನೀನು ದೊರೆಯಾಗುವುದಕ್ಕೆ ಸ್ವಲ್ಪ ಮುಂಚೆ ಸುದ್ದಿ ಬಂತು. ನೋಡಲು ಹೇಗಿದ್ದ? ಕಪ್ಪಗಿದ್ದ, ಆಗ ತಾನೇ ತಲೆ ನರೆಯುತ್ತಿತ್ತು, ಆಕಾರ ನಿನಗಿಂತ ಬಹಳ ಬೇರೆಯೇನಲ್ಲ. ಜತೆಗೆ ಎಷ್ಟು ಜನ? ಒಟ್ಟು ಐದು, ಅದರಲ್ಲಿ ಒಬ್ಬ ಸಾರುವವನು, ಬಂಡಿ ಒಂದೇ. ಇದನ್ನೆಲ್ಲ ಹೇಳಿದವರು ಯಾರು? ಉಳಿದು ಬಂದ ಆಳು. ಅವನು ಈಗ ಮನೆಯಲ್ಲಿದ್ದಾನೆಯೇ? ಇಲ್ಲ. ಪ್ರತಿ ಉತ್ತರವೂ ಅವನ ಕುತ್ತಿಗೆಗೆ ಹತ್ತಿರವಾಗುತ್ತಿದೆ. ಅದು ಅವನಿಗೆ ಗೊತ್ತಾಗುತ್ತಲೂ ಇದೆ. ಆದರೂ ಮುಂದಿನ ಪ್ರಶ್ನೆ ಕೇಳುತ್ತಾನೆ. ಇಷ್ಟು ಹೊತ್ತಿಗೆ ಪತ್ತೇದಾರ, ಆರೋಪಿ, ನ್ಯಾಯಾಧೀಶ ಮೂವರೂ ಅವನೇ ಆಗಿದ್ದಾನೆ. ಕೇಸು ಮುಚ್ಚಿಹಾಕುವ ಅಧಿಕಾರ ಇರುವವನೂ ಅವನೊಬ್ಬನೇ.

ನೀವು ಇನ್ನೊಮ್ಮೆ ಓದುವುದಾದರೆ ಯೊಕಾಸ್ಟಳ ಆ ಮಾತಿನಿಂದ ಶುರು ಮಾಡಿ. ಹಿಂದಿನದಕ್ಕೆ ಆಮೇಲೆ ಬನ್ನಿ.

ಪ್ರಶ್ನೆ: ನಾನು ನಿವೃತ್ತ ಪೊಲೀಸ್ ಅಧಿಕಾರಿ. ಈ ಕೇಸು ನನ್ನ ಠಾಣೆಗೆ ಬಂದಿದ್ದರೆ ಚಾರ್ಜ್‌ಶೀಟ್ ಹಾಕುವುದಕ್ಕೆ ಹಿಂದೆಮುಂದೆ ನೋಡುತ್ತಿದ್ದೆ. ಕಣ್ಣಾರೆ ಕಂಡ ಒಬ್ಬನೇ ಸಾಕ್ಷಿ ‘ಹಲವರು’ ಎಂದು ಊರ ಮುಂದೆ ಹೇಳಿದ್ದಾನೆ. ಈಡಿಪಸ್ ಒಬ್ಬನೇ ಇದ್ದ. ಆ ಸಾಕ್ಷಿಯನ್ನು ಕರೆಸುತ್ತಾರೆ, ಅವನು ಬರುತ್ತಾನೆ, ಆದರೆ ಈ ಪ್ರಶ್ನೆಯನ್ನೇ ಯಾರೂ ಕೇಳುವುದಿಲ್ಲ. ಕೊಲೆ ಸಾಬೀತಾಯಿತು ಎಂದು ನೀವು ಹೇಳುತ್ತೀರಾ?

ಉತ್ತರ: ಸರ್, ಈ ಪ್ರಶ್ನೆ ನನ್ನನ್ನು ಬಹಳ ವರ್ಷ ಕಾಡಿದೆ. ನಿಮ್ಮ ಕಣ್ಣಿಗೂ ಬಿತ್ತಲ್ಲ ಎಂದು ಖುಷಿಯಾಯಿತು.

ನೀವು ಹೇಳಿದ್ದು ಸರಿ. ಆಳನ್ನು ಕರೆಸುವುದೇ ಆ ಒಂದು ಪ್ರಶ್ನೆಗಾಗಿ. ಈಡಿಪಸ್ ತನ್ನ ಬಾಯಿಂದಲೇ ಹೇಳುತ್ತಾನೆ: ಅವನು ಈಗಲೂ ಅದೇ ಸಂಖ್ಯೆ ಹೇಳಿದರೆ ನಾನು ಕೊಂದಿಲ್ಲ, ಒಬ್ಬ ಎನ್ನುವುದು ಹಲವರು ಎನ್ನುವುದಕ್ಕೆ ಸಮವಾಗುವುದಿಲ್ಲ. ಇಡೀ ಕೇಸು ಒಂದು ವಚನದ ಮೇಲೆ ನಿಂತಿದೆ. ಯೊಕಾಸ್ಟ ಧೈರ್ಯ ಹೇಳುತ್ತಾಳೆ: ಅವನು ಹಾಗೆ ಹೇಳಿದ್ದನ್ನು ನಾನೊಬ್ಬಳೇ ಕೇಳಿದ್ದಲ್ಲ, ಊರೇ ಕೇಳಿದೆ, ಈಗ ಮಾತು ಬದಲಿಸಲಾರ. ಅವನು ಬರುವುದನ್ನು ಕಾಯುತ್ತಿರುವಾಗ ಈಡಿಪಸ್ ಬೆಳೆದ ಊರಾದ ಕಾರಿಂಥ್‌ನಿಂದ ಒಬ್ಬ ಮುದುಕ ಬರುತ್ತಾನೆ, ನೀನು ಬೆಟ್ಟದಲ್ಲಿ ನನ್ನ ಕೈಗೆ ಸಿಕ್ಕ ಮಗು ಎನ್ನುತ್ತಾನೆ, ಅಲ್ಲಿಗೆ ಎಲ್ಲವೂ ಬೇರೆ ಕಡೆ ಹರಿಯುತ್ತದೆ. ಆಳು ಬಂದು ನಿಂತಾಗ ಅವನಿಗೆ ಕೇಳುವುದು ‘ಆ ಮಗುವನ್ನು ಇವನಿಗೆ ಕೊಟ್ಟೆಯಾ’ ಎಂದು. ಲಾಯಸ್‌ನ ಕೊಲೆಯ ಬಗ್ಗೆ ಒಂದಕ್ಷರ ಇಲ್ಲ.

ಹಾಗಾದರೆ ಏನೇನು ಸಾಬೀತಾಯಿತು? ಬೇರೆ ಬೇರೆ ತೂಗೋಣ.

ಹುಟ್ಟಿನ ಸಂಗತಿ ನನ್ನ ಪ್ರಕಾರ ಸಂಶಯಕ್ಕೆ ಎಡೆಯಿಲ್ಲದ ಹಾಗೆ ಸಾಬೀತಾಗಿದೆ. ಇಬ್ಬರು ಸಾಕ್ಷಿಗಳು, ಇಬ್ಬರಿಗೂ ಮೊದಲೇ ಮಾತಾಡಿಕೊಳ್ಳುವ ಅವಕಾಶ ಇರಲಿಲ್ಲ. ಕಾರಿಂಥ್‌ನವನು ಮಗು ಪಡೆದವನು, ಥೀಬ್ಸ್‌ನವನು ಕೊಟ್ಟವನು. ಮೊದಲನೆಯವನು ಜಾಗ, ಕಾಲ ಎರಡನ್ನೂ ಹೇಳುತ್ತಾನೆ. ಸಿಥೆರಾನ್ ಬೆಟ್ಟದಲ್ಲಿ ಮೂರು ವರ್ಷ, ವಸಂತದಿಂದ ಆರ್ಕ್‌ಟುರಸ್ ನಕ್ಷತ್ರ ಮೂಡುವ ತನಕ ಆರಾರು ತಿಂಗಳು ಇಬ್ಬರೂ ಒಟ್ಟಿಗೆ ಮಂದೆ ಮೇಯಿಸುತ್ತಿದ್ದೆವು, ಇವನದು ಎರಡು ಮಂದೆ, ನನ್ನದು ಒಂದು. ಸುಳ್ಳು ಹೇಳುವವನು ಇಷ್ಟು ವಿವರ ಕೊಡುವುದಿಲ್ಲ. ಎರಡನೆಯವನು ಬಾಯಿ ಬಿಡಲು ಇಷ್ಟವಿಲ್ಲದೆ, ತನಗೆ ಕೇಡಾಗುತ್ತದೆಂದು ಗೊತ್ತಿದ್ದೂ ಒಪ್ಪಿಕೊಳ್ಳುತ್ತಾನೆ. ಹರಡಿನ ಗಾಯ ಕಣ್ಣಿಗೆ ಕಾಣುವಂತಿದೆ. ಇನ್ನೇನು ಬೇಕು?

ಕೊಲೆಯ ವಿಷಯ ಬೇರೆ. ಅಲ್ಲಿ ನಮ್ಮ ಕೈಯಲ್ಲಿರುವುದು ಈಡಿಪಸ್‌ನ ತಪ್ಪೊಪ್ಪಿಗೆ ಮತ್ತು ಸಾಂದರ್ಭಿಕ ಸಾಕ್ಷ್ಯ. ಅವನ ಹೇಳಿಕೆಯನ್ನು ನೋಡಿ. ಕಾರಿಂಥ್‌ನಲ್ಲಿ ಒಂದು ಔತಣ. ಕುಡಿದವನೊಬ್ಬ ‘ನೀನು ನಿನ್ನಪ್ಪನ ಮಗನಲ್ಲ’ ಎಂದ. ಆ ಮಾತು ಕೊರೆಯಿತು. ಡೆಲ್ಫಿಗೆ ಹೋದ. ತಂದೆಯನ್ನು ಕೊಲ್ಲುತ್ತೀಯ, ತಾಯಿಯನ್ನು ಕೂಡುತ್ತೀಯ ಎಂಬ ಉತ್ತರ ಸಿಕ್ಕಿತು. ಕಾರಿಂಥ್‌ನ ಕಡೆಗೆ ಮುಖ ಹಾಕದೆ ಹೊರಟ. ಮೂರು ದಾರಿ ಕೂಡುವಲ್ಲಿ ಕುದುರೆ ಬಂಡಿ ಎದುರಾಯಿತು. ಮುಂದೆ ಸಾರುವವನು, ಬಂಡಿಯಲ್ಲಿ ಒಬ್ಬ ಮುದುಕ. ಇವನನ್ನು ದಾರಿಯಿಂದ ತಳ್ಳಿದರು. ತಳ್ಳಿದ ಬಂಡಿ ಹೊಡೆಯುವವನಿಗೆ ಇವನು ಒಂದು ಕೊಟ್ಟ. ಮುದುಕ ಕಾದಿದ್ದು, ಇವನು ಬಂಡಿಯ ಪಕ್ಕಕ್ಕೆ ಬರುತ್ತಿದ್ದಂತೆ ಎರಡು ಮೊನೆಯ ಮುಳ್ಳುಗೋಲಿನಿಂದ ನೆತ್ತಿಯ ಮೇಲೇ ಬಿಟ್ಟ. ಕೈಯಲ್ಲಿದ್ದ ದೊಣ್ಣೆ ಬೀಸಿತು, ಮುದುಕ ಬಂಡಿಯ ಮಧ್ಯದಿಂದ ಮೊಗಚಿ ಬಿದ್ದ. ‘ಎಲ್ಲರನ್ನೂ ಕೊಂದೆ.’ ಇಷ್ಟೇ ಮಾತು.

ಜಾಗ ಒಂದೇ, ಕಾಲ ಒಂದೇ, ಬಂಡಿ ಒಂದು, ಸಾರುವವನು ಒಬ್ಬ, ಒಳಗೆ ಕೂತವನ ವಯಸ್ಸೂ ಕೂಡುತ್ತದೆ. ಕೂಡದೆ ಇರುವುದು ಎರಡು. ಇವನು ಎಲ್ಲರನ್ನೂ ಕೊಂದೆ ಎನ್ನುತ್ತಾನೆ, ಅಲ್ಲಿ ಒಬ್ಬ ಉಳಿದಿದ್ದಾನೆ. ಇವನು ಒಬ್ಬ, ಅಲ್ಲಿ ಹಲವರು. ಮೊದಲನೆಯದು ನನಗೆ ತೊಡಕೇ ಅಲ್ಲ. ಹೊಡೆದಾಟದ ಮಧ್ಯೆ ಹಿಂದೆ ಇದ್ದ ಒಬ್ಬ ಓಡಿಹೋದರೆ ಹೊಡೆಯುವವನು ಎಣಿಸಿಕೊಂಡು ಕೂತಿರುವುದಿಲ್ಲ.

ಎರಡನೆಯದಕ್ಕೆ ನನ್ನದೇ ಒಂದು ಅನುಭವ ಹೇಳುತ್ತೇನೆ. ಒಂದು ದರೋಡೆ ಕೇಸಿನಲ್ಲಿ ನಾನು ಆರೋಪಿಯ ಪರ ಇದ್ದೆ. ಯಜಮಾನನ ಜತೆಯಲ್ಲಿದ್ದ ಕೆಲಸದವನೇ ಸಾಕ್ಷಿ. ಮೊದಲ ಹೇಳಿಕೆಯಲ್ಲಿ ‘ನಾಲ್ಕೈದು ಜನ ಬಂದರು’ ಎಂದಿದ್ದ. ಪಾಟೀಸವಾಲಿನಲ್ಲಿ ಒಬ್ಬೊಬ್ಬರು ಎಲ್ಲಿ ನಿಂತಿದ್ದರು, ಏನು ಹಾಕಿಕೊಂಡಿದ್ದರು, ಯಾರ ಕೈಯಲ್ಲಿ ಏನಿತ್ತು ಎಂದು ಕೇಳುತ್ತಾ ಹೋದೆ. ಮೊದಲನೆಯವನ ಅಂಗಿಯ ಬಣ್ಣ ಹೇಳಿದ. ಎರಡನೆಯವನಿಗೆ ಬಂದಾಗ ಕಟಕಟೆಯ ಮರವನ್ನು ಎರಡೂ ಕೈಯಿಂದ ಹಿಡಿದುಕೊಂಡ. ಆಮೇಲೆ ತಲೆ ತಗ್ಗಿಸಿ, ಬಹಳ ಮೆಲ್ಲಗೆ, “ಒಬ್ಬನೇ ಮೇಡಂ” ಎಂದ. ಒಬ್ಬನಿಗೆ ಹೆದರಿ ಯಜಮಾನನನ್ನು ಬಿಟ್ಟು ಓಡಿಬಂದೆ ಎಂದು ಆ ಮನೆಯವರ ಮುಂದೆ ಹೇಗೆ ಹೇಳುತ್ತಾನೆ? ಆ ಧ್ವನಿ ನನಗೆ ಇವತ್ತಿಗೂ ನೆನಪಿದೆ. ಅವತ್ತು ಸಂಜೆ ಮನೆಗೆ ಬಂದು ಈ ನಾಟಕ ತೆಗೆದು ಕ್ರೆಯಾನ್‌ನ ಆ ಸಾಲನ್ನು ಮತ್ತೆ ಓದಿದೆ. ‘ಒಂದು ಕೈಯಲ್ಲ, ಬಹಳ ಕೈಗಳು.’

ಲಾಯಸ್‌ನ ಆಳಿನ ವಿಷಯದಲ್ಲಿ ಇದು ನನ್ನ ಓದು, ನಾಟಕದಲ್ಲಿ ಹೀಗೆಂದು ಬರೆದಿಲ್ಲ. ಆದರೆ ಬರೆದಿರುವ ಇನ್ನೊಂದು ಸಂಗತಿ ಇದಕ್ಕೆ ಬೆಂಬಲವಾಗಿದೆ. ಯೊಕಾಸ್ಟ ಹೇಳುತ್ತಾಳೆ: ಅವನು ವಾಪಸು ಬಂದು ಸಿಂಹಾಸನದ ಮೇಲೆ ನಿನ್ನನ್ನು ಕಂಡಾಗ ನನ್ನ ಕೈ ಹಿಡಿದು ಬೇಡಿಕೊಂಡ, ಈ ಊರು ಕಣ್ಣಿಗೆ ಬೀಳದಷ್ಟು ದೂರದ ಹುಲ್ಲುಗಾವಲಿಗೆ ಕಳಿಸಿಬಿಡು ಎಂದು. ನಂಬಿಕೆಯ ಮನೆಯಾಳು, ಅರಮನೆ ಬಿಟ್ಟು ಕುರಿ ಕಾಯಲು ಹೋಗುತ್ತೇನೆ ಎಂದು ಕಾಲಿಗೆ ಬೀಳುತ್ತಿದ್ದಾನೆ. ಯಾಕೆ ಎಂದು ಅವಳು ಕೇಳಲಿಲ್ಲ. ಒಳ್ಳೆಯ ಆಳು, ಇದಕ್ಕಿಂತ ಹೆಚ್ಚಿನದನ್ನು ಕೇಳಿದ್ದರೂ ಕೊಡಬಹುದಿತ್ತು ಎಂದು ಕಳಿಸಿದಳು. ಈ ಹೇಳಿಕೆಯಲ್ಲಿ ಕಾಲದ ತೊಡಕೂ ಇದೆ, ನೀವು ಗಮನಿಸಿರುತ್ತೀರಿ. ಕೊಲೆಯ ಸುದ್ದಿ ಊರಿಗೆ ಮುಟ್ಟಿದ್ದು ಈಡಿಪಸ್ ದೊರೆಯಾಗುವ ಮೊದಲು. ಸುದ್ದಿ ತಂದವನು ವಾಪಸು ಬಂದಾಗ ಈಡಿಪಸ್ ಆಗಲೇ ದೊರೆ. ಎರಡೂ ಹೇಗೆ ಸಾಧ್ಯ? ನಾಟಕ ಈ ಗಂಟನ್ನು ಬಿಡಿಸುವುದಿಲ್ಲ.

ಇಂಥ ಸಂದುಗಳು ಹಿಂದಿನವರ ಕಣ್ಣಿಗೂ ಬಿದ್ದಿವೆ. ಇಷ್ಟು ವರ್ಷ ದೊರೆಯಾಗಿದ್ದವನು ಹಿಂದಿನ ದೊರೆ ಹೇಗೆ ಸತ್ತನೆಂದು ಕೇಳಿರಲಿಲ್ಲವೇ ಎಂಬ ಅನುಮಾನ ಅರಿಸ್ಟಾಟಲ್‌ಗೇ ಇತ್ತು. ಅದು ನಾಟಕ ಶುರುವಾಗುವ ಮೊದಲಿನ ಮಾತಾದ್ದರಿಂದ ನಡೆಯುತ್ತದೆ ಎಂದು ಅವನು ಬಿಟ್ಟುಕೊಟ್ಟ. 1718ರಲ್ಲಿ ಈಡಿಪಸ್‌ನ ಮೇಲೆ ತಾನೇ ಒಂದು ನಾಟಕ ಬರೆದ ಫ್ರಾನ್ಸ್‌ನ ವೋಲ್ಟೇರ್ ಬಿಟ್ಟುಕೊಡಲಿಲ್ಲ. ಸೋಫೋಕ್ಲಿಸ್‌ನ ತಪ್ಪುಗಳನ್ನು ಪಟ್ಟಿ ಮಾಡಿದ. ನನಗೆ ವೋಲ್ಟೇರ್‌ನ ತಕರಾರು ಒಪ್ಪಿಗೆಯಿಲ್ಲ. ಒಂದೊಂದು ಮಾತನ್ನೂ ತೂಕ ಹಾಕಿ ಇಟ್ಟವನು, ಸಾಕ್ಷಿಯನ್ನು ಕರೆಸಿದ ಕಾರಣವನ್ನೇ ಮರೆತುಬಿಟ್ಟ ಎಂದು ನಾನು ನಂಬುವುದಿಲ್ಲ.

ಅಥೆನ್ಸ್‌ನ ಪ್ರೇಕ್ಷಕರನ್ನು ನೆನೆಯಿರಿ. ಆ ಊರಿನಲ್ಲಿ ಪ್ರತಿ ವರ್ಷ 6000 ಸಾಮಾನ್ಯ ನಾಗರಿಕರನ್ನು ಚೀಟಿ ಎತ್ತಿ ನ್ಯಾಯ ಹೇಳುವುದಕ್ಕೆ ಆರಿಸುತ್ತಿದ್ದರು. ಒಂದೊಂದು ಮೊಕದ್ದಮೆಗೆ 201 ಜನ, 501 ಜನ ಕೂತು ತೀರ್ಪು ಕೊಡುತ್ತಿದ್ದರು. ರಂಗಮಂದಿರದಲ್ಲಿ ಇದ್ದವರಲ್ಲಿ ಬಹಳ ಜನ ವಾದ, ಸಾಕ್ಷಿ ಕೇಳಿ ಪಳಗಿದವರು. ಗುಲಾಮನ ಮಾತು ಅಲ್ಲಿನ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಬೇಕಾದರೆ ಅದನ್ನು ಹಿಂಸೆ ಕೊಟ್ಟೇ ಪಡೆಯಬೇಕಿತ್ತು. ಆ ಮುದಿ ಆಳಿನ ಕೈಗಳನ್ನು ಬೆನ್ನಿಗೆ ತಿರುಚಿ ಎಂದು ಈಡಿಪಸ್ ಅಪ್ಪಣೆ ಕೊಡುತ್ತಾನೆ. ನಮಗೆ ಓದಲು ಕಷ್ಟವಾಗುವ ಜಾಗ ಅದು. ಅವರಿಗೆ ಪರಿಚಿತವಾದ ವಿಚಾರಣೆ. ಹೀಗೆ ಪಳಗಿದ ಜನ ‘ಒಬ್ಬನೋ ಹಲವರೋ’ ಎಂದು ಕೇಳದೆ ಹೋದದ್ದನ್ನು ಗಮನಿಸದೇ ಇರುತ್ತಾರೆಯೇ?

ನಾನು ಅಂದುಕೊಂಡಿರುವುದು ಇಷ್ಟು. ಈಡಿಪಸ್ ಆ ಪ್ರಶ್ನೆಯನ್ನು ಮರೆತಿಲ್ಲ. ಅವನಿಗೆ ಅದು ಬೇಡವಾಯಿತು. ಅವನು ಲಾಯಸ್‌ನ ಮಗ ಎಂದು ಗೊತ್ತಾದ ಕ್ಷಣ, ಲಾಯಸ್‌ಗೆ ಹೇಳಿದ ಕಣಿ ಮತ್ತು ತನಗೆ ಹೇಳಿದ ಕಣಿ ಎರಡೂ ಒಂದೇ ಎಂದು ಕಂಡಿತು. ಆಮೇಲೆ ಸಂಖ್ಯೆಯ ಆಸರೆ ಹಿಡಿಯುವುದು ಅವನಿಂದಾಗದು. ಆ ಬಾಗಿಲು ತೆರೆದೇ ಇತ್ತು, ಸರ್. ಆಳನ್ನು ಕೇಳಿದ್ದರೆ, ಬದುಕುವ ಆಸೆಗೆ ಅವನು ಹಳೇ ಮಾತನ್ನೇ ಹೇಳುತ್ತಿದ್ದನೇನೋ. ಕೊಲೆಯಿಂದಾದರೂ ಬಿಡುಗಡೆ ಸಿಗುತ್ತಿತ್ತು. ಈಡಿಪಸ್ ಆ ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ.

ಆದ್ದರಿಂದ ನಿಮಗೆ ನೇರ ಉತ್ತರ: ನಿಮ್ಮ ಠಾಣೆಯ ಲೆಕ್ಕದಲ್ಲಿ ಒಂದು ಕೊಂಡಿ ಕಾಣೆಯಾಗಿದೆ, ಒಪ್ಪುತ್ತೇನೆ. ನಾನು ಅವನ ವಕೀಲಳಾಗಿದ್ದರೆ ಅದನ್ನೇ ಹಿಡಿದು ವಾದಿಸುತ್ತಿದ್ದೆ. ಅದರ ಜತೆಗೆ, ಮುದುಕನೇ ಮೊದಲು ತಲೆಗೆ ಹೊಡೆದ ಎಂಬುದನ್ನೂ ಸೇರಿಸುತ್ತಿದ್ದೆ. ಸೋಫೋಕ್ಲಿಸ್ ಮುದುಕನಾದ ಮೇಲೆ ಬರೆದು, ಅವನು ಸತ್ತ ಮೇಲೆ ಕ್ರಿ.ಪೂ. 401ರಲ್ಲಿ ಆಡಿದ ‘ಕೊಲೋನಸ್‌ನಲ್ಲಿ ಈಡಿಪಸ್’ ನಾಟಕದಲ್ಲಿ ಈಡಿಪಸ್ ಇದೇ ವಾದ ಮಾಡುತ್ತಾನೆ: ಯಾರೆಂದು ಗೊತ್ತಿರಲಿಲ್ಲ, ನನ್ನ ಜೀವ ಉಳಿಸಿಕೊಂಡೆ. ಮೊದಲ ನಾಟಕದಲ್ಲಿ ಮಾತ್ರ ಅವನಿಗೆ ವಕೀಲರೇ ಇಲ್ಲ.

ಪ್ರಶ್ನೆ: ಯೊಕಾಸ್ಟಳಿಗೆ ಸತ್ಯ ಗೊತ್ತಾದದ್ದು ಯಾವಾಗ? ಮೊದಲಿಂದಲೇ ಗೊತ್ತಿತ್ತು ಎಂದು ನಮ್ಮ ಗೆಳತಿಯರ ಗುಂಪಿನಲ್ಲಿ ವಾದ.

ಉತ್ತರ: ಮೊದಲಿಂದ ಗೊತ್ತಿದ್ದರೆ ಕಾಲು ಬಿಗಿದ ಮಗುವಿನ ಕಥೆಯನ್ನು ಅವಳೇ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಅವಳಿಗೆ ಗೊತ್ತಾಗುವುದು ಕಾರಿಂಥ್‌ನ ಮುದುಕ ಮಾತಾಡುವಾಗ, ಈಡಿಪಸ್‌ಗಿಂತ ಮೊದಲು. ಆ ಜಾಗದಲ್ಲಿ ಅವಳಿಗೆ ಒಂದೂ ಮಾತಿಲ್ಲ, ಅದನ್ನೇ ಗಮನಿಸಿ. ಮುದುಕ ಮತ್ತು ಈಡಿಪಸ್ ಮಾತಾಡುತ್ತಲೇ ಇರುತ್ತಾರೆ. ಮಗು ಸಿಕ್ಕಿದ್ದು ಸಿಥೆರಾನ್ ಬೆಟ್ಟದಲ್ಲಿ. ಹರಡಿಗೆ ತೂತು ಹಾಕಿತ್ತು. ಕೊಟ್ಟವನು ಲಾಯಸ್‌ನ ಆಳು. ಅವಳು ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳುತ್ತಿದ್ದಾಳೆ. ಕೊನೆಗೆ ಅವಳನ್ನು ಮಾತಾಡಿಸಿದಾಗ ‘ಯಾರಾದರೇನು, ಬಿಟ್ಟುಬಿಡು’ ಎನ್ನುತ್ತಾಳೆ. ‘ನಿನ್ನ ಜೀವದ ಮೇಲೆ ಆಸೆಯಿದ್ದರೆ ಹುಡುಕಬೇಡ’ ಎನ್ನುತ್ತಾಳೆ. ಈಡಿಪಸ್ ಅದನ್ನು ತಪ್ಪಾಗಿ ತಿಳಿಯುತ್ತಾನೆ. ತಾನು ಗುಲಾಮರ ಮಗನಾಗಿದ್ದರೆ ಎಂದು ಇವಳಿಗೆ ನಾಚಿಕೆ ಅಂದುಕೊಳ್ಳುತ್ತಾನೆ. ನನಗೆ ಇಡೀ ನಾಟಕದಲ್ಲಿ ಅತ್ಯಂತ ಸಂಕಟವಾಗುವುದು ಇಲ್ಲಿ.

ಇನ್ನೊಂದು ಹೇಳಲೇಬೇಕು. ಮಗುವನ್ನು ಎಸೆಸಿದವನು ಲಾಯಸ್, ಬೇರೆಯವರ ಕೈಯಲ್ಲಿ ಎಂದು ಅವಳು ಹೇಳಿರುತ್ತಾಳೆ. ಕೊನೆಗೆ ಆಳನ್ನು ‘ನಿನ್ನ ಕೈಗೆ ಮಗು ಕೊಟ್ಟವರು ಅವಳೇ ಏನು’ ಎಂದು ಕೇಳಿದಾಗ ಅವನು ‘ಹೌದು ದೊರೆ’ ಎನ್ನುತ್ತಾನೆ. ಎರಡು ಹೇಳಿಕೆ ಅಕ್ಕಪಕ್ಕ ಇಟ್ಟರೆ ಅವಳು ಏನನ್ನು ಬಿಟ್ಟು ಹೇಳಿದಳು ಎಂದು ಕಾಣುತ್ತದೆ. ಅದನ್ನು ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ಮೂರು ದಿನವೂ ತುಂಬದ ಕೂಸನ್ನು ಕೈಯಾರೆ ಕೊಟ್ಟ ತಾಯಿ ಆ ಕೈಯನ್ನು ತನ್ನ ನೆನಪಿನಿಂದಲೇ ತೆಗೆದುಹಾಕಿದ್ದಾಳೆ.

ಪ್ರಶ್ನೆ: ಹೀಗೆ ಸುಳಿವು ಹಿಡಿದು ಓದಬಹುದಾದ ಬೇರೆ ಗ್ರೀಕ್ ನಾಟಕ ಇದೆಯೇ?

ಉತ್ತರ: ಇದೆ. ಒಂದೇ ಸುಳಿವುಗಳನ್ನು ಇಬ್ಬರು ನಾಟಕಕಾರರು ಹೇಗೆ ತೂಗಿದರು ಎಂದು ನೋಡಲು ಎರಡು ನಾಟಕ ಒಟ್ಟಿಗೆ ಓದಿ. ಕ್ರಿ.ಪೂ. 458ರಲ್ಲಿ ಆಡಿದ ಈಸ್ಕಿಲಸ್‌ನ ‘ಲೈಬೇಷನ್ ಬೇರರ್ಸ್’ ನಾಟಕದಲ್ಲಿ ಎಲೆಕ್ಟ್ರಾ ಎಂಬ ಹೆಣ್ಣುಮಗಳು ಅಪ್ಪನ ಗೋರಿಯ ಮೇಲೆ ಒಂದು ಕೂದಲ ಕುಚ್ಚು ನೋಡುತ್ತಾಳೆ. ತನ್ನ ಕೂದಲಿನ ಹಾಗೇ ಇದೆ. ಹೆಜ್ಜೆ ಗುರುತು ನೋಡುತ್ತಾಳೆ, ತನ್ನ ಹೆಜ್ಜೆಗೆ ಹೊಂದುತ್ತದೆ. ಕೊನೆಗೆ ತಾನೇ ನೇಯ್ದ ಬಟ್ಟೆಯ ಗುರುತು. ದೂರ ಹೋಗಿದ್ದ ತಮ್ಮ ಒರೆಸ್ಟಿಸ್ ಬಂದಿದ್ದಾನೆಂದು ನಂಬುತ್ತಾಳೆ.

ಕೆಲವು ದಶಕಗಳ ನಂತರ ಯೂರಿಪಿಡಿಸ್ ತನ್ನ ‘ಎಲೆಕ್ಟ್ರಾ’ ನಾಟಕದಲ್ಲಿ ಅದೇ ಕಥೆ ಎತ್ತಿಕೊಂಡ. ಒಬ್ಬ ಮುದುಕ ಬಂದು ಅವೇ ಮೂರು ಸುಳಿವನ್ನು ಒಂದೊಂದಾಗಿ ಹೇಳುತ್ತಾನೆ. ಅವನ ಎಲೆಕ್ಟ್ರಾ ಒಂದೊಂದನ್ನೂ ಬೀಳಿಸುತ್ತಾಳೆ. ಕುಸ್ತಿ ಮಾಡಿದ ಗಂಡಸಿನ ಕೂದಲು ಬಾಚಿಕೊಂಡ ಹೆಂಗಸಿನ ಕೂದಲಿನ ಹಾಗೆ ಹೇಗಿದ್ದೀತು? ಒಂದೇ ರಕ್ತದವರಲ್ಲದವರಿಗೂ ಒಂದೇ ಥರ ಕೂದಲು ಇರುವುದಿಲ್ಲವೇ? ಕಲ್ಲು ನೆಲದಲ್ಲಿ ಹೆಜ್ಜೆ ಮೂಡುತ್ತದೆಯೇ? ಮೂಡಿದರೂ ಗಂಡಸಿನ ಕಾಲು ದೊಡ್ಡದು. ಇನ್ನು ಬಟ್ಟೆ, ಅವನು ಹೋದಾಗ ನಾನೇ ಚಿಕ್ಕವಳು. ನೇಯ್ದೇ ಇದ್ದರೂ ಮಗುವಿನ ಬಟ್ಟೆಯನ್ನು ದೊಡ್ಡವನಾದ ಮೇಲೆ ಹಾಕಿಕೊಂಡು ತಿರುಗುತ್ತಾನೆಯೇ, ಮೈ ಜತೆ ಬಟ್ಟೆಯೂ ಬೆಳೆಯುತ್ತದೆಯೇ? ಇಷ್ಟು ಚೆನ್ನಾಗಿ ಸಾಕ್ಷ್ಯವನ್ನು ಒರೆಗೆ ಹಚ್ಚಿದ ಹೆಣ್ಣುಮಗಳು ಗ್ರೀಕ್ ನಾಟಕಗಳಲ್ಲಿ ಇನ್ನೊಬ್ಬಳು ನನಗೆ ಸಿಕ್ಕಿಲ್ಲ. ಆಮೇಲೆ ಅದೇ ಮುದುಕ ಬಂದಿರುವ ಅತಿಥಿಯನ್ನು ಸುತ್ತಲೂ ತಿರುಗಿ ನೋಡುತ್ತಾನೆ, ಹುಬ್ಬಿನ ಹತ್ತಿರ ಒಂದು ಗಾಯದ ಗುರುತು ತೋರಿಸುತ್ತಾನೆ. ಚಿಕ್ಕಂದಿನಲ್ಲಿ ಅಪ್ಪನ ಮನೆಯಲ್ಲಿ, ಅವಳ ಜತೆಗೇ ಜಿಂಕೆ ಮರಿಯನ್ನು ಅಟ್ಟಿಸಿಕೊಂಡು ಓಡುವಾಗ ಬಿದ್ದು ಆದ ಗಾಯ. ಅದನ್ನು ಅವಳು ಒಪ್ಪುತ್ತಾಳೆ.